ಸುರಿದವರು, ಸುರಿಸಿದವರು

ನಮ್ಮ ವಿಮರ್ಶಕರು ಕವಿತೆ ಓದುತ್ತಾರೆ, ಕಾದಂಬರಿ ಓದುತ್ತಾರೆ, ಪ್ರತಿಮೆ ಸಂಕೇತಗಳನ್ನು ಹೆಕ್ಕಿ ತೆಗೆದು ತೂಗುತ್ತಾರೆ. ಕಚೇರಿಯ ಕಾಗದಗಳನ್ನು ಯಾರೂ ಹಾಗೆ ಓದುವುದಿಲ್ಲ. ಆದರೆ ನಮ್ಮ ಜನರ ಬದುಕನ್ನು ಕವಿತೆಗಿಂತ ಹೆಚ್ಚಾಗಿ ತೀರ್ಮಾನ ಮಾಡಿರುವುದು ಕಾಗದಗಳೇ: ಪಹಣಿ, ಪಂಚನಾಮೆ, ಹರಾಜಿನ ನೋಟೀಸು, ತಹಸೀಲ್ದಾರರ ಷರಾ. ಆದ್ದರಿಂದ ಈ ಸಲ ಒಂದು ವರದಿಯನ್ನೇ ಕೃತಿಯೆಂದು ಇಟ್ಟುಕೊಂಡು ವಿಮರ್ಶೆಗೆ ಕೂತಿದ್ದೇನೆ. ಅದರ ಭಾಷೆ ಎಂಥದು, ಅದರೊಳಗಿನ ಪಾತ್ರಗಳು ಯಾರು, ಅದು ಯಾರಿಗೆ ಮಾತು ಕೊಡುತ್ತದೆ, ಯಾರ ಮಾತು ಕಿತ್ತುಕೊಳ್ಳುತ್ತದೆ ಎಂದು ಕೇಳುವುದೂ ವಿಮರ್ಶೆಯ ಕೆಲಸವೇ.

ಕೃತಿಯ ಹೆಸರು ಉದ್ದ. ಕನ್ನಡದಲ್ಲಿ ಹೇಳುವುದಾದರೆ ಖಾಲಿ ಬಿದ್ದ ಕಾರ್ಖಾನೆ ನೆಲದ ಪರಿಸರ ಪರೀಕ್ಷೆ, ಮೊದಲನೇ ಹಂತ. ಲಗ್ಗೆರೆಯಿಂದ ಪೀಣ್ಯದ ಕಡೆ ಹೋಗುವಾಗ ಸಿಗುವ ಒಂದು ಮುಚ್ಚಿದ ಕಾರ್ಖಾನೆಯ ಬಗ್ಗೆ ಬರೆದದ್ದು. ಕಬ್ಬಿಣದ ಸಾಮಾನಿಗೆ ಕ್ರೋಮು, ನಿಕ್ಕಲು ಹಿಡಿಸುತ್ತಿದ್ದ ಜಾಗ ಅದು. ಗೋದಾಮು ಕಟ್ಟಲು ಆ ನೆಲ ಕೊಳ್ಳಬೇಕೆಂದು ಬಂದ ಕಂಪನಿ ದುಡ್ಡು ಕೊಟ್ಟು ಬರೆಸಿದೆ. ಹೆಸರುಗಳು ಬೇಡ; ಇಂಥ ಶೆಡ್ಡುಗಳು ಈ ಕಡೆ ಒಂದೆರಡಲ್ಲ. ಇಂಗ್ಲಿಷಿನಲ್ಲಿ ಅರವತ್ತು ಪುಟ, ನುಣುಪಾದ ಕಾಗದ, ಬಣ್ಣದ ಚಿತ್ರಗಳು. ಯಾರದೋ ಕೈಯಿಂದ ಯಾರದೋ ಕೈಗೆ ದಾಟಿ ನನ್ನ ಹತ್ತಿರ ಬಂತು. ಆ ಕಾರ್ಖಾನೆಯ ಗೋಡೆಗೆ ಬೆನ್ನು ಹಾಕಿಕೊಂಡಿರುವ ವಠಾರಗಳಲ್ಲಿ ಒಬ್ಬರೂ ಅದನ್ನು ಕಂಡಿರಲಿಲ್ಲ.

ಈ ಬಗೆಯ ವರದಿಗೆ ಒಂದು ಚೌಕಟ್ಟಿದೆ. ಮೊದಲ ಹಂತದಲ್ಲಿ ಮಣ್ಣು ಮುಟ್ಟುವುದಿಲ್ಲ. ನೆಲದ ಚರಿತ್ರೆ ಹುಡುಕುತ್ತಾರೆ: ಹಳೆಯ ನಕ್ಷೆ, ಸರ್ಕಾರಿ ದಾಖಲೆ, ಆಕಾಶದಿಂದ ತೆಗೆದ ಚಿತ್ರ. ಆಮೇಲೆ ಜಾಗ ಸುತ್ತಿ ನೋಡುತ್ತಾರೆ: ಎಲ್ಲಿ ಕಲೆ, ಎಲ್ಲಿ ವಾಸನೆ, ಎಲ್ಲಿ ಹುಲ್ಲು ಹುಟ್ಟಿಲ್ಲ, ಎಲ್ಲಿ ನೆಲ ತಗ್ಗಿದೆ. ಮೂರನೆಯದು, ಬಲ್ಲವರನ್ನು ಮಾತಾಡಿಸುವುದು. ಇಷ್ಟರಲ್ಲಿ ಸಂಶಯ ಹುಟ್ಟಿದರೆ ಎರಡನೇ ಹಂತ. ನೆಲ ಕೊರೆದು ಮಣ್ಣು ನೀರು ಎತ್ತಿ ಪ್ರಯೋಗಶಾಲೆಗೆ ಕಳಿಸುತ್ತಾರೆ. ವಿಷ ಸಿಕ್ಕರೆ ಮೂರನೇ ಹಂತ, ಅಂದರೆ ಶುದ್ಧಿ. ವಿಷ ಎಲ್ಲಿಂದ ಹುಟ್ಟಿತು, ಯಾವ ದಾರಿ ಹಿಡಿಯಿತು, ಯಾವ ಜೀವಕ್ಕೆ ತಲುಪಿತು ಎಂದು ಮೂರನ್ನೂ ಜೋಡಿಸಿ ನೋಡುವುದೇ ಇದರ ತರ್ಕ. ತರ್ಕದಲ್ಲಿ ತಪ್ಪಿಲ್ಲ. ವಿಜ್ಞಾನವನ್ನು ಬೈದು ಬಂಡಾಯಗಾರ ಅನ್ನಿಸಿಕೊಳ್ಳುವ ಚಪಲ ನನಗಿಲ್ಲ. ನಮ್ಮ ಬೋರ್‌ವೆಲ್ಲಿನಲ್ಲಿ ಏನಿದೆ ಎಂದು ಹೇಳಬಲ್ಲದ್ದು ಪ್ರಯೋಗಶಾಲೆಯೇ ಹೊರತು ಪಂಚಾಂಗದವನಲ್ಲ. ನನ್ನ ತಕರಾರು ಇರುವುದು ಆ ಮೂರನೇ ಬಾಬಿನ ಮೇಲೆ. ಬಲ್ಲವರು ಅಂದರೆ ಯಾರು?

ವರದಿಯ ಪ್ರಕಾರ ಬಲ್ಲವರು ಇಬ್ಬರು. ಒಬ್ಬರು ಮಾಲೀಕರ ಪ್ರತಿನಿಧಿ. ಇನ್ನೊಬ್ಬ ಗೇಟಿನ ಕಾವಲುಗಾರ.

ನಮ್ಮ ಬೀದಿಯಲ್ಲಿ ಒಬ್ಬ ಅಣ್ಣ ಇದ್ದಾನೆ. ಆ ಕಾರ್ಖಾನೆಯ ತೊಟ್ಟಿಗಳ ಮುಂದೆ 19 ವರ್ಷ ನಿಂತವನು. ಕ್ರೋಮಿಕ್ ಆಸಿಡ್ಡಿನ ಹಬೆ ಕುಡಿದು ಕುಡಿದು ಅವನ ಮೂಗಿನ ಒಳಗೋಡೆ ತೂತಾಗಿದೆ. ಈ ಕೆಲಸದ ಹಳೆಯ ಗುರುತು ಅದು. ವೈದ್ಯರ ಪುಸ್ತಕದಲ್ಲೂ ಇದೆ. ವರದಿ ತೋರಿಸಿ, ನಿನ್ನನ್ನ ಯಾರಾದ್ರೂ ಬಂದು ಕೇಳಿದ್ರಾ ಅಣ್ಣ ಅಂದೆ.

"ನನ್ ಯಾರ್ ಕೇಳ್ತಾರೆ ಬಿಡಪ್ಪ. ಗೇಟಲ್ಲಿ ವಾಚ್‌ಮನ್ ಇದ್ದ, ಅವನ್ನ ಕೇಳಿದ್ರಂತೆ. ಅವ್ನು ಬಂದು ಎರಡು ವರ್ಷ ಆಗಿಲ್ಲ. ಬಾಗಿಲು ಹಾಕಿದ್ ಮೇಲೆ ಬಂದೋನು ಅವ್ನು, ಅವನಿಗೇನ್ ಗೊತ್ತು? ತೊಟ್ಟಿ ತಳದಾಗೆ ಗಸಿ ಕೂತ್ಕಳ್ಳೋದು. ಹಿಂದ್ಗಡೆ ಹೊಂಗೆ ಮರದ ತಾವ ಗುಂಡಿ ತೆಗೆಸಿದ್ರು. ರಾತ್ರಿ ಪಾಳೀಲಿ ಬಕೀಟಲ್ಲಿ ತಗೊಂಡೋಗಿ ಸುರೀತಿದ್ವಿ. ಸುರಿ ಅಂದ್ರು, ಸುರಿದ್ವಿ. ಮಳೆ ಬಂದ್ರೆ ಗುಂಡಿ ತುಂಬಿ ಹಳದಿ ನೀರು ಮೋರಿಗೆ ಹರ್ಯೋದು. ಆಮೇಲೆ ಮಣ್ ಮುಚ್ಚಿ, ಮೇಲೆ ಸಿಮೆಂಟ್ ಹಾಕಿ, ಸೈಕಲ್ ಸ್ಟ್ಯಾಂಡ್ ಮಾಡಿದ್ರು."

ವರದಿಯ ನಡುಪುಟದಲ್ಲಿ ಆ ಸೈಕಲ್ ಸ್ಟ್ಯಾಂಡಿನ ಚಿತ್ರವಿದೆ. ಕೆಳಗೆ ಒಂದು ಸಾಲು: ಸಂಶಯಕ್ಕೆ ಎಡೆಕೊಡುವ ಅಂಶ ಯಾವುದೂ ಕಂಡುಬಂದಿಲ್ಲ. ಕಣ್ಣಿಗೆ ಕಂಡುಬಂದಿಲ್ಲ, ನಿಜ. ಸಿಮೆಂಟು ಹಾಕಿದ್ದೇ ಕಾಣಬಾರದು ಅಂತ.

ಇನ್ನು ಈ ಕೃತಿಯ ಭಾಷೆಗೆ ಬರೋಣ. ಅರವತ್ತು ಪುಟಗಳಲ್ಲಿ ಕ್ರಿಯೆ ಉಂಟು, ಕರ್ತೃವಿಲ್ಲ. ತ್ಯಾಜ್ಯ ಸಂಗ್ರಹಿಸಲಾಗಿತ್ತು, ವಿಲೇವಾರಿ ಮಾಡಲಾಗಿತ್ತು, ಘಟಕವನ್ನು ಸ್ಥಗಿತಗೊಳಿಸಲಾಯಿತು. ಎಲ್ಲವೂ ತಾನೇ ತಾನಾಗಿ ನಡೆದುಹೋಗಿದೆ. ಈ ಕರ್ಮಣಿ ಪ್ರಯೋಗ ನಮಗೆ ಹೊಸದಲ್ಲ. ಕೇರಿಗೆ ಬೆಂಕಿ ಬಿದ್ದಾಗಲೂ ಪತ್ರಿಕೆಗಳು ಗುಡಿಸಲುಗಳು ಸುಟ್ಟುಹೋದವು ಎಂದೇ ಬರೆಯುತ್ತವೆ. ಆದರೆ ನಮ್ಮ ಅಣ್ಣನ ಕನ್ನಡದಲ್ಲಿ ಗುಂಡಿಯನ್ನು ತೆಗೆಸಿದರು. ತೆಗೆದವನು ಬೇರೆ, ತೆಗೆಸಿದವನು ಬೇರೆ. ಸುರಿದವನು ಬೇರೆ, ಸುರಿಸಿದವನು ಬೇರೆ. ಒಂದು 'ಇಸು' ಪ್ರತ್ಯಯದಲ್ಲಿ ಕನ್ನಡ ಭಾಷೆ ಕೂಲಿಯವನನ್ನೂ ಧಣಿಯನ್ನೂ ಬೇರೆ ಬೇರೆ ನಿಲ್ಲಿಸಿ ತೋರಿಸುತ್ತದೆ. ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರ ಆ ವ್ಯಾಕರಣದೊಳಗೇ ಇದೆ. ವರದಿ ಅದನ್ನು 'ಲಾಗಿದೆ' ಎಂಬ ಸಿಮೆಂಟು ಹಾಕಿ ಮುಚ್ಚುತ್ತದೆ.

ಈ ಪ್ರಕಾರದ ಬರವಣಿಗೆ ಹೀಗೇಕಾಯಿತು? ಅದು ಹುಟ್ಟಿದ ಮನೆ ನೋಡಬೇಕು. ಅಮೆರಿಕದ ನಯಾಗರಾ ಫಾಲ್ಸ್ ಊರಿನಲ್ಲಿ ಹೂಕರ್ ಎಂಬ ರಾಸಾಯನಿಕ ಕಂಪನಿ ಲವ್ ಕೆನಾಲ್ ಅನ್ನುವ ಹಳೆಯ ಕಾಲುವೆಗೆ ವಿಷ ತುಂಬಿ, ಮಣ್ಣು ಮುಚ್ಚಿ, 1953ರಲ್ಲಿ ಒಂದು ಡಾಲರಿಗೆ ಶಾಲಾ ಮಂಡಳಿಗೆ ಮಾರಿತು. ಮುಂದೆ ಏನೇ ಆದರೂ ನಾವು ಜವಾಬ್ದಾರರಲ್ಲ ಎಂದು ಪತ್ರದಲ್ಲಿ ಬರೆಸಿಕೊಂಡಿತು. ಮೇಲೆ ಶಾಲೆ ಬಂತು, ಸುತ್ತ ಮನೆ ಬಂದವು. 1978ರಲ್ಲಿ ಅಲ್ಲಿನ ತಾಯಂದಿರು ಬೀದಿಗೆ ಬಂದ ಮೇಲೆ ಸರ್ಕಾರಕ್ಕೆ ತುರ್ತು ಪರಿಸ್ಥಿತಿ ಘೋಷಿಸದೆ ವಿಧಿಯಿರಲಿಲ್ಲ. 1980ರಲ್ಲಿ ಕಾನೂನು ಬಂತು: ವಿಷ ತುಂಬಿದ ನೆಲದ ಖರ್ಚನ್ನು ತುಂಬಿದವನೂ ತೆರಬೇಕು, ಈಗಿನ ಒಡೆಯನೂ ತೆರಬೇಕು. ಕೊಳ್ಳುವವರು ಬೆದರಿದರು. 1986ರ ತಿದ್ದುಪಡಿ ಅವರಿಗೊಂದು ಕಿಂಡಿ ಬಿಟ್ಟಿತು: ಕೊಳ್ಳುವ ಮೊದಲು ತಕ್ಕಷ್ಟು ವಿಚಾರಿಸಿದ್ದೆ, ನನಗೆ ಗೊತ್ತಾಗಲಿಲ್ಲ ಎಂದು ತೋರಿಸಿದರೆ ಬಿಡುಗಡೆ. ತಕ್ಕಷ್ಟು ಅಂದರೆ ಎಷ್ಟು ಎಂದು ಅಳತೆ ಮಾಡಿಕೊಡಲು 1993ರಲ್ಲಿ ಈ ಮೊದಲ ಹಂತದ ವರದಿಗೆ ಒಂದು ಮಾದರಿ ಬಂತು. ಜಗತ್ತೆಲ್ಲ ನಕಲು ಮಾಡುತ್ತಿರುವುದು ಅದನ್ನೇ.

ಅಂದರೆ ತಾಯಂದಿರ ಸಿಟ್ಟಿನಿಂದ ಹುಟ್ಟಿದ ಕಾನೂನು ಕೊಳ್ಳುವವನ ಗುರಾಣಿಯಾಗಿ ಬೆಳೆಯಿತು. ಈ ವರದಿಯ ಓದುಗ ಒಬ್ಬನೇ: ದುಡ್ಡು ಕೊಟ್ಟು ಬರೆಸಿದವನು. ಅದು ಕೇಳುವ ಪ್ರಶ್ನೆ, ಈ ನೆಲ ಕೊಂಡರೆ ನನಗೆ ನಷ್ಟವಾದೀತೆ? ಈ ನೆಲದ ಪಕ್ಕ ಬದುಕಿದರೆ ನನ್ನ ಮಗುವಿಗೆ ಏನಾದೀತು ಎಂಬುದು ಬೇರೆ ಪ್ರಶ್ನೆ. ಎರಡನೇ ಪ್ರಶ್ನೆ ಕೇಳುವವರ ಹತ್ತಿರ ವರದಿ ಬರೆಸುವ ದುಡ್ಡಿಲ್ಲ.

ಅದೇ ಅಮೆರಿಕದಲ್ಲಿ ಎರಡನೇ ಪ್ರಶ್ನೆ ಎತ್ತಿದವರು ಕಪ್ಪು ಜನ. 1982ರಲ್ಲಿ ಉತ್ತರ ಕೆರೊಲಿನಾದ ವಾರೆನ್ ಕೌಂಟಿಯಲ್ಲಿ, ಬೇರೆ ಕಡೆಯಿಂದ ಬಗೆದು ತೆಗೆದ ವಿಷದ ಮಣ್ಣನ್ನು ತಂದು ತಮ್ಮ ಊರಲ್ಲಿ ಹೂಳಲು ಬಂದ ಲಾರಿಗಳ ಮುಂದೆ ಅವರು ರಸ್ತೆಯಲ್ಲಿ ಮಲಗಿದರು. ನೂರಾರು ಜನ ಜೈಲು ಕಂಡರು. ಮಣ್ಣನ್ನು ಕೊನೆಗೂ ಅಲ್ಲೇ ಹೂತರು. ಆದರೆ 1987ರಲ್ಲಿ ಅಲ್ಲಿನ ಒಂದು ಚರ್ಚಿನ ಸಂಸ್ಥೆ ದೇಶದ ಲೆಕ್ಕ ತೆಗೆದು ತೋರಿಸಿತು: ವಿಷದ ಗುಂಡಿಗಳು ಎಲ್ಲಿವೆ ಎಂದು ತಿಳಿಯಲು ಜನರ ಬಣ್ಣ ನೋಡಿದರೆ ಸಾಕು. ಕಪ್ಪು ಚಿರತೆಗಳಿಂದ ಹೆಸರನ್ನೂ ಕಿಚ್ಚನ್ನೂ ಪಡೆದ ಚಳವಳಿ ನಮ್ಮ ನೆರೆಯ ರಾಜ್ಯದ್ದು. ಈ ಲೆಕ್ಕ ತೆಗೆಯುವ ಬುದ್ಧಿಯನ್ನು ಮಾತ್ರ ನಾವು ಯಾರೂ ಪಡೆಯಲಿಲ್ಲ.

ನಮ್ಮಲ್ಲಿ ಏನಿದೆ? ಲಗ್ಗೆರೆಯಲ್ಲಿ ಒಂದು ಸೈಟು ಕೊಳ್ಳುವವನು ಖಾತೆ ನೋಡುತ್ತಾನೆ, ಕಂದಾಯದ ರಸೀತಿ ನೋಡುತ್ತಾನೆ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ ತೆಗೆಸುತ್ತಾನೆ. ಇಸಿ ಅಂದರೆ ಋಣಭಾರ ಪತ್ರ. ನೆಲದ ಮೇಲೆ ಯಾರ ಸಾಲವಿದೆ, ಯಾವ ಬ್ಯಾಂಕಿಗೆ ಅಡವಿದೆ ಎಂದು ಅದರಲ್ಲಿ ಬರೆದಿರುತ್ತದೆ. ಹಣದ ಋಣಕ್ಕೆ ಇಷ್ಟು ಪುಸ್ತಕಗಳಿವೆ. ವಿಷದ ಋಣಕ್ಕೆ ಒಂದು ಹಾಳೆಯೂ ಇಲ್ಲ. 2006ರ ಪರಿಸರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರಿನಿಂದ ಮೇಲಿನ ಕಟ್ಟಡಕ್ಕೆ ಮುಂಚಿತ ಪರಿಸರ ಅನುಮತಿ ಬೇಕು. ಆದರೆ ಕಟ್ಟಡದ ಯೋಜನೆಗಳಿಗೆ ಸಾರ್ವಜನಿಕರ ಅಹವಾಲು ಕೇಳುವ ಗೊಡವೆ ಬೇಡವೆಂದು ಅದೇ ಅಧಿಸೂಚನೆ ಬಿಟ್ಟುಕೊಟ್ಟಿದೆ. ಮೂವತ್ತು ನಲವತ್ತರ ಒಂದು ಶೆಡ್ಡು ಎಷ್ಟು? 1200 ಚದರ ಅಡಿ. ಮೀಟರಿನ ಲೆಕ್ಕದಲ್ಲಿ 111. ಅದರ ಹತ್ತಿರ ಯಾವ ಅಧಿಸೂಚನೆಯೂ ಸುಳಿಯುವುದಿಲ್ಲ. ಪ್ಲೇಟಿಂಗ್ ಶೆಡ್ಡು ಮುಚ್ಚುತ್ತದೆ, ತಗಡು ಗುಜರಿಗೆ ಹೋಗುತ್ತದೆ, ಮೂರು ಮಹಡಿಯ ಬಾಡಿಗೆ ಮನೆ ಏಳುತ್ತದೆ, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಅಡ್ವಾನ್ಸ್ ಕೊಟ್ಟು ಬಂದು ಸೇರುತ್ತಾರೆ. ಅದೇ ನೆಲದಲ್ಲಿ ಬೋರ್ ಕೊರೆಯುತ್ತಾರೆ.

ಬೆಂಗಳೂರಿನ ತಳ ಗಟ್ಟಿ ಕಲ್ಲು. ಮೇಲೆ ಕೊಳೆತ ಕಲ್ಲಿನ ಪದರ, ಕೆಳಗೆ ಬಂಡೆಯ ಬಿರುಕುಗಳು. ಪ್ಲೇಟಿಂಗ್ ತೊಟ್ಟಿಯ ಹಳದಿ ಕ್ರೋಮಿಯಂ ನೀರಿನಲ್ಲಿ ಕರಗಿ ನಡೆಯುವ ಜಾತಿಯದು. ಬಿರುಕು ಹಿಡಿದು ಅದು ಎಲ್ಲಿಗೆ ಹೋಗಿ ಏಳುತ್ತದೆಂದು ನೆಲದ ಮೇಲೆ ನಿಂತು ಹೇಳಲಾಗದು. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದೆಂದು ನಮ್ಮ ದೇಶದ ಮಾನಕವೇ ಹೇಳುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದನ್ನು ಒಂದಲ್ಲ ಹಲವು ಅಧ್ಯಯನಗಳು ಬರೆದಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಅಂಕ ಹಾಕಿದಾಗಲೂ ಪೀಣ್ಯ ಕೆಟ್ಟವರ ಸಾಲಿನಲ್ಲಿತ್ತು; 2018ರಲ್ಲೂ ಇತ್ತು. ವಿದ್ಯೆಗೆ ಗೊತ್ತಿರುವುದು ವಠಾರಕ್ಕೆ ಗೊತ್ತಿಲ್ಲ, ವಠಾರಕ್ಕೆ ಗೊತ್ತಿರುವುದು ವಿದ್ಯೆಗೆ ಬೇಕಿಲ್ಲ.

ಇಲ್ಲಿ ಒಂದು ಪದದ ಮುಂದೆ ನಿಲ್ಲಬೇಕು. ಮಾಲಿನ್ಯ. ಮಲಿನ, ಮೈಲಿಗೆ. ಈ ದೇಶದಲ್ಲಿ ಮಾಲಿನ್ಯಶಾಸ್ತ್ರಕ್ಕೆ ಏನೂ ಕೊರತೆಯಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ಮತ್ತು ಅವರ ಜನ ಒಂದೊಂದು ಬೊಗಸೆ ನೀರು ಕುಡಿದರು. ಕೆರೆ ಕೆಟ್ಟಿತೆಂದು ತಿಳಿಯಲು ಯಾರೂ ಮಾದರಿ ಎತ್ತಲಿಲ್ಲ, ಪ್ರಯೋಗಶಾಲೆಗೆ ಕಳಿಸಲಿಲ್ಲ, ತೊಂಬತ್ತು ದಿನ ಕಾಯಲಿಲ್ಲ. ಹಾಲು, ಮೊಸರು, ಗಂಜಲ, ಸಗಣಿಯನ್ನು 108 ಗಡಿಗೆಗಳಲ್ಲಿ ಕೆರೆಗೆ ಹೊಯ್ದು, ಮಂತ್ರ ಹೇಳಿ, ಶುದ್ಧವಾಯಿತು ಎಂದರು. ಪರೀಕ್ಷೆ, ತೀರ್ಮಾನ, ಶುದ್ಧಿ ಮೂರೂ ಹಂತ ಹಾಗೆ ಮುಗಿದವು. ಮನುಷ್ಯನ ಕೈ ತಾಕಿದ್ದಕ್ಕೆ ಅಷ್ಟು ಚುರುಕಾಗಿದ್ದ ಸಮಾಜ, ಕ್ರೋಮಿಯಂ ತಾಕಿದ ನೀರಿನ ಮುಂದೆ ಇಷ್ಟು ಮಂದವಾಗಿರುವುದೇಕೆ? ಮೈಲಿಗೆ ಮೇಲಿನವರಿಗೆ ತಗುಲಿದಾಗ ಮಾತ್ರ ಅದು ಮೈಲಿಗೆ. ಕೆಳಗಿನವರಿಗೆ ತಗುಲಿದರೆ ಅದಕ್ಕೆ ಹಣೆಬರಹ ಅಂತ ಹೆಸರು.

ಈಗೊಂದು ಹೊಸ ಕಾನೂನು ಬಂದಿದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ನೆಲಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ಸಂಶಯದ ಜಾಗಗಳನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ತಿಳಿಸಬೇಕು, ರಾಜ್ಯ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರೀಕ್ಷೆ ಮಾಡಬೇಕು, ಕೆಡಿಸಿದವನನ್ನು ಪತ್ತೆ ಹಚ್ಚಿ ಖರ್ಚು ವಸೂಲು ಮಾಡಬೇಕು. ಒಳ್ಳೆಯದೇ. ಭೋಪಾಲದ ಆ 1984ರ ರಾತ್ರಿ ಕಳೆದು ನಲವತ್ತು ವರ್ಷಕ್ಕೆ ಬಂದ ಕಾನೂನು. ಆದರೆ ಇದರಲ್ಲೂ ಒಂದು ಗೆರೆ ಎಳೆದಿದ್ದಾರೆ: ಗಣಿಗಾರಿಕೆಯಿಂದ ಕೆಟ್ಟ ನೆಲ ಇದರ ಆಚೆ, ಅದಕ್ಕೆ ಬೇರೆ ಕಾನೂನುಗಳಿವೆಯಂತೆ.

ಗೆರೆಯ ಆಚೆ ಏನಿದೆ ಎಂದು ನೋಡಲು ಲಗ್ಗೆರೆಯಿಂದ ನೂರು ಕಿಲೋಮೀಟರು ಪೂರ್ವಕ್ಕೆ ಹೋದರೆ ಸಾಕು. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಮೂರು ಕಿಲೋಮೀಟರು ಆಳಕ್ಕೆ ಇಳಿದವರು ಬಹುಪಾಲು ದಲಿತರು, ಆರ್ಕಾಟಿನ ಕಡೆಯಿಂದ ಬಂದವರು. ಚಿನ್ನ ಲಂಡನ್ನಿಗೆ ಹೋಯಿತು, ಆಮೇಲೆ ದಿಲ್ಲಿಗೆ ಹೋಯಿತು. ಸೈನೈಡಿನಲ್ಲಿ ತೊಳೆದು ಚಿನ್ನ ಬಸಿದ ಮೇಲೆ ಉಳಿದ ಪುಡಿ ಮಾತ್ರ ಅವರ ಮನೆ ಮುಂದೆ ಬೆಟ್ಟವಾಗಿ ನಿಂತಿದೆ. ಬೇಸಿಗೆಯ ಗಾಳಿಗೆ ಆ ದೂಳು ಲೈನ್ ಮನೆಗಳಿಗೆ ನುಗ್ಗುತ್ತದೆ. 2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಆ 13 ದಿಬ್ಬಗಳನ್ನು, ಸಾವಿರ ಎಕರೆಗೂ ಮೇಲಿನ ಜಾಗವನ್ನು, ಮತ್ತೆ ಅಗೆಯಲು ಒಪ್ಪಿಗೆ ಕೊಟ್ಟಿತು. ಯಾಕೆಂದರೆ ಪುಡಿಯಲ್ಲಿ ಇನ್ನೂ ಒಂದಿಷ್ಟು ಚಿನ್ನವಿದೆ! ಅಷ್ಟು ವರ್ಷ ಮಕ್ಕಳು ಕೆಮ್ಮಿದಾಗ ಕಾಣದ ದಿಬ್ಬ, ಚಿನ್ನದ ರೇಟು ಏರಿದಾಗ ಕಣ್ಣಿಗೆ ಬಿತ್ತು.

ಬೇರೆಯವರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಮ್ಮ ಸಾಹಿತ್ಯವನ್ನೂ ಕಟಕಟೆಗೆ ತರಬೇಕು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಪೀಣ್ಯದ ಶೆಡ್ಡುಗಳು ಎದ್ದದ್ದೂ ಅದೇ ಕಾಲದಲ್ಲಿ. ನಾವು ಮಣ್ಣು ಎಂದಾಗಲೆಲ್ಲ ಹಳ್ಳಿಯ ಹೊಲದ ಮಣ್ಣನ್ನೇ ಬರೆದೆವು. ಜೀತದ ಹೊಲ ಬಿಟ್ಟು ಬಂದವನು ಪ್ಲೇಟಿಂಗ್ ತೊಟ್ಟಿಯ ಮುಂದೆ ನಿಂತದ್ದನ್ನು ನಮ್ಮ ಕವಿತೆ ಹಿಂಬಾಲಿಸಲಿಲ್ಲ. ಊರಲ್ಲಿ ಸತ್ತ ದನ ಹೊರಿಸಿದವರು ಇಲ್ಲಿ ಗಸಿಯ ಬಕೀಟು ಹೊರಿಸಿದರು ಎಂಬ ಸರಳ ಸಂಬಂಧವನ್ನು ಕಂಡುಕೊಳ್ಳಲು ನಮಗೆ ಇಷ್ಟು ವರ್ಷ ಬೇಕಾಯಿತೆ?

ಇನ್ನೂ ಕಷ್ಟದ ಮಾತೊಂದಿದೆ. ನೀನು ಕಂಡದ್ದನ್ನು ಬರೆದುಕೊಡು, ಮಂಡಳಿಗೆ ಕಳಿಸೋಣ ಎಂದೆ ಆ ಅಣ್ಣನಿಗೆ. ಅವನು ಬಹಳ ಹೊತ್ತು ಸುಮ್ಮನಿದ್ದ.

"ಬರ್ಕೊಡ್ತೀನಿ ಕಣಪ್ಪ. ಆದ್ರೆ ನಾಳೆ ಪೇಪರಲ್ಲಿ ಲಗ್ಗೆರೆ ನೆಲ ಕೆಟ್ಟೋಗದೆ ಅಂತ ಬಂದ್ರೆ ಯಾರ್ ಮನೆ ರೇಟ್ ಬೀಳ್ತದೆ? ಸಾವ್ಕಾರ ಮಾರ್ಕೊಂಡ್ ಹೋದ. ನಾನು ಸಾಲ ಮಾಡಿ ಅರ್ಧ ಸೈಟ್ ತಗೊಂಡಿವ್ನಿ, ಇಲ್ಲೇ. ನಮ್ ಜನ ನನ್ನೇ ಬೈತಾರೆ."

ಅವನ ಮಾತಿಗೆ ನನ್ನಲ್ಲಿ ತಟ್ಟನೆ ಉತ್ತರವಿರಲಿಲ್ಲ. ಸತ್ಯ ಹೇಳಿದವನೇ ದಂಡ ತೆರುವಂತೆ ವ್ಯವಸ್ಥೆ ಹೆಣೆದಿದೆ. ವಿಷ ಸುರಿಸಿದವನು ನೆಲ ಮಾರಿ ಹಗುರಾದ. ಸುರಿದವನು ಅದೇ ನೆಲದ ಮೇಲೆ ಸಾಲ ಹೊತ್ತು ಕೂತಿದ್ದಾನೆ. ಅವನ ಮೌನವನ್ನು ಹೇಡಿತನ ಎನ್ನುವ ಧೈರ್ಯ ನನಗಿಲ್ಲ. ಖರ್ಚಿನ ಹೊಣೆ ಸುರಿಸಿದವನ ಮೇಲೆ, ಅವನು ಸಿಗದಿದ್ದರೆ ಸರ್ಕಾರದ ಮೇಲೆ, ಎಂಬುದು ಕಾಗದದಿಂದ ಬೀದಿಗೆ ಇಳಿಯುವ ತನಕ ಆ ಮೌನ ಮುರಿಯುವುದಿಲ್ಲ.

ಹಾಗಾದರೆ ಈ ಪ್ರಕಾರದ ಬರವಣಿಗೆ ಹೇಗಿರಬೇಕು? ವಿಮರ್ಶಕನಾಗಿ ನನ್ನ ಬೇಡಿಕೆಗಳು ಇಷ್ಟು. ತೊಟ್ಟಿಯ ಮುಂದೆ ನಿಂತವರ ಹೇಳಿಕೆ ವರದಿಯ ಮೊದಲನೇ ಅಧ್ಯಾಯವಾಗಬೇಕು. ಅದಿಲ್ಲದ ವರದಿ ಅಪೂರ್ಣ ಎಂದು ಮಂಡಳಿ ವಾಪಸು ಕಳಿಸಬೇಕು. ಹೇಳಿಕೆ ಕೊಟ್ಟವರ ಹೆಸರು ಗುಟ್ಟಾಗಿರಬೇಕು, ಸುರಿಸಿದವರ ಹೆಸರು ಬಯಲಾಗಬೇಕು. ವರದಿ ಕನ್ನಡದಲ್ಲಿರಬೇಕು, ತಮಿಳು ತೆಲುಗು ಉರ್ದು ಆಡುವ ವಠಾರಗಳಲ್ಲಿ ಆಯಾ ಮಾತಿನಲ್ಲಿ ಓದಿ ಹೇಳಬೇಕು. ಮುಚ್ಚುವ ಪ್ರತಿ ಪ್ಲೇಟಿಂಗ್ ಶೆಡ್ಡಿನ ನೆಲವನ್ನೂ, ಅದು 111 ಚದರ ಮೀಟರೇ ಆಗಲಿ, ಮಾರುವ ಮೊದಲು ಪರೀಕ್ಷೆ ಮಾಡಿಸಬೇಕು. ಫಲಿತಾಂಶ ಇಸಿಯಲ್ಲಿ ಸಾಲದ ಪಕ್ಕದಲ್ಲೇ ದಾಖಲಾಗಬೇಕು. ಸುತ್ತಲ ಬೋರ್‌ವೆಲ್ಲುಗಳ ನೀರನ್ನು ಪುಕ್ಕಟೆ ನೋಡಿಕೊಡಬೇಕು.

ಕೊನೆಯದು, ಶುದ್ಧಿ. ಆ ಸಿಮೆಂಟು ಒಡೆದು ಗುಂಡಿಗೆ ಇಳಿಯುವವನು ಯಾರು? ಅಗೆದ ಮಣ್ಣು ಲಾರಿ ಹತ್ತಿ ಯಾವ ಊರಿನ ಪಕ್ಕ ಇಳಿಯುತ್ತದೆ? ಮತ್ತೆ ನಮ್ಮವನನ್ನೇ ಬರಿಗೈಲಿ ಇಳಿಸಿ, ಇನ್ನೊಂದು ಕೇರಿಯ ಬೆನ್ನಿಗೆ ಆ ಮಣ್ಣು ಸುರಿಸುವುದಾದರೆ ಅದು 108 ಗಡಿಗೆಯ ಶುದ್ಧಿಯೇ. ವರದಿಯಲ್ಲಿ ಇದಕ್ಕೂ ಒಂದು ಪುಟ ಬೇಕು, ಕರ್ತರಿ ಪ್ರಯೋಗದಲ್ಲಿ.

ಮೊನ್ನೆ ಆ ಅಣ್ಣ ಮನೆಗೆ ಬಂದಿದ್ದ. ಮಗಳ ನೋಟ್ ಪುಸ್ತಕದ ಎರಡು ಹಾಳೆ ತಂದಿದ್ದ. ಪೆನ್ಸಿಲಿನಲ್ಲಿ ಕಾರ್ಖಾನೆಯ ನಕ್ಷೆ ಗೀಚಿದ್ದ: ತೊಟ್ಟಿ ಇಲ್ಲಿ, ಮೋರಿ ಇಲ್ಲಿ, ಹೊಂಗೆ ಮರ ಇಲ್ಲಿ. ಗುಂಡಿಯ ಜಾಗಕ್ಕೆ ಒಂದು ಸುತ್ತು ಹಾಕಿ, ಆಳ ಎರಡು ಆಳುದ್ದ ಅಂತ ಬರೆದಿದ್ದ. "ಕಳ್ಸಪ್ಪ, ಆಗಿದ್ದಾಗ್ಲಿ. ರೇಟ್ ಬಿದ್ರೆ ಬೀಳ್ಲಿ. ಮಗ ಅದೇ ಬೋರ್ ನೀರು ಕುಡೀತದೆ" ಅಂದ.

ಅರವತ್ತು ಪುಟದ ಆ ಇಂಗ್ಲಿಷ್ ಕೃತಿಯ ಪಕ್ಕ ಈ ಎರಡು ಹಾಳೆ ಇಟ್ಟಿದ್ದೇನೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಕಳಿಸುತ್ತೇವೆ.